ಚಂದ್ರಗಿರಿ ಹೊಳೆಯ ಕೆಸರಿನಲ್ಲಿ ಸುಗ್ಗಿ ತಿಂಗಳು

ಗಡಿನಾಡಿನ ಗೋಷ್ಠಿ ಅಂದ ಮೇಲೆ ಭಾಷೆ, ಶಾಲೆ, ಮಹಾಜನ ವರದಿ ಬಂದೇ ಬರ್ತದೆ. ನಾನು ಹೇಳಲಿಕ್ಕಿರುವುದು ಹಕ್ಕಿಗಳ ವಿಷಯ. ಆದರೂ ವರದಿ ಬಿಟ್ಟು ಹೋಗುವುದಿಲ್ಲ, ಯಾಕಂದ್ರೆ 1967ರಲ್ಲಿ ಆ ಆಯೋಗ ಗಡಿ ಅಂತ ಸೂಚಿಸಿದ್ದು ಇದೇ ಚಂದ್ರಗಿರಿ ಹೊಳೆಯನ್ನು. ಸುಳ್ಯದವರಿಗೆ ಇದು ಪಯಸ್ವಿನಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಕಾಸರಗೋಡು ಪೇಟೆಯ ತೆಂಕು ಬದಿಯಲ್ಲಿ ಹರಿದು, ತಳಂಗರೆಯ ಹತ್ತಿರ ಕಡಲು ಸೇರುತ್ತದೆ.

ವಲಸೆ ಹಕ್ಕಿ ನೋಡಲು ಚಳಿಗಾಲವೇ ಸರಿ ಎಂದು ಹೆಚ್ಚಿನವರ ಎಣಿಕೆ. ನನ್ನ ಲೆಕ್ಕದಲ್ಲಿ ಮಾರ್ಚ್ ನಡುವಿನಿಂದ ಏಪ್ರಿಲ್‌ವರೆಗೆ, ತುಳುವರ ಸುಗ್ಗಿ ತಿಂಗಳು, ಇನ್ನೂ ಒಳ್ಳೆಯದು. ಹೊರಡುವ ಮೊದಲು ಹಕ್ಕಿಗಳು ಬಣ್ಣ ಬದಲಾಯಿಸ್ತವೆ. ಡಿಸೆಂಬರಿನಲ್ಲಿ ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ ಇದ್ದ ಕಂದುತಲೆ ಕಡಲಕಾಗೆಗೆ ಈಗ ತಲೆಯಿಡೀ ಕಾಫಿಪುಡಿ ಬಣ್ಣ. ಮರಳಿನ ಬಣ್ಣದ ಸಣ್ಣ ಪ್ಲವರ್‌ಗೆ ಎದೆಯಲ್ಲಿ ಇಟ್ಟಿಗೆ ಕೆಂಪಿನ ಪಟ್ಟಿ. ಗೋಲ್ಡನ್ ಪ್ಲವರ್‌ನ ಹೊಟ್ಟೆಗೆ ಮಸಿ ಮೆತ್ತಿದ ಹಾಗೆ ಕಪ್ಪು. ಮೊದಲ ಎರಡು ಲಡಾಖ್, ಟಿಬೆಟ್ ಕಡೆಗೆ ಮರಿ ಮಾಡಲು ಹೋಗುವಂಥವು. ಮೂರನೆಯದರ ದಾರಿ ಸೈಬೀರಿಯಕ್ಕೆ.

ಅಷ್ಟು ದೂರ ಹಾರಲು ಕೊಬ್ಬು ಬೇಕು. ಅದು ಸಿಗುವುದು ಕೆಸರಿನಲ್ಲಿ: ಹುಳ, ಸಣ್ಣ ಏಡಿ, ಮರುವಾಯಿ ಮರಿ. ಹಾಗಾಗಿ ಗಡಿಯಾರ ನೋಡಿ ಹೋಗಿ ಪ್ರಯೋಜನ ಇಲ್ಲ, ಇಳಿತ ನೋಡಿ ಹೋಗ್ಬೇಕು. ದಿನಕ್ಕೆ ಎರಡು ಸಲ ನೀರು ಇಳಿಯುತ್ತದೆ, ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು ಕೆಸರು ತೆರೆದುಕೊಳ್ತದೆ, ಅಷ್ಟಮಿಗೆ ಕಡಿಮೆ. ಇದನ್ನು ಹೊಳೆಯಲ್ಲಿ ಮೀನು ಹಿಡಿಯುವವರ ಹತ್ತಿರ ಕೇಳಿದರೆ ಪುಸ್ತಕಕ್ಕಿಂತ ಬೇಗ ಗೊತ್ತಾಗ್ತದೆ. ನೀರು ಇಳಿಯಲು ಶುರುವಾದಾಗಲೇ ದಡದಲ್ಲಿ ಕೂತಿರಬೇಕು. ಪೂರ್ತಿ ಇಳಿದ ಮೇಲೆ ಹಕ್ಕಿಗಳು ದೂರದ ಅಂಚಿಗೆ ಹೋಗಿ ಚುಕ್ಕೆಗಳಾಗ್ತವೆ.

ಪೇಟೆಯವರ ಕಣ್ಣಿಗೆ ಈ ಕೆಸರು ಹಾಳು ಜಾಗ, ಮಣ್ಣು ತುಂಬಿಸಿದರೆ ಸೈಟು. ಕಾಸರಗೋಡು ಜಿಲ್ಲೆ 2023ರಲ್ಲಿ ತನ್ನದೇ ಜಿಲ್ಲಾ ಹಕ್ಕಿ, ಮರ, ಹೂ, ಜಲಚರ ಘೋಷಿಸಿಕೊಂಡಿತು. ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು, ಜಲಚರ ಇದೇ ಹೊಳೆಯಲ್ಲಿರುವ ದೊಡ್ಡ ಮೆದುಚಿಪ್ಪಿನ ಆಮೆ. ಸಂತೋಷ. ಆದರೆ ಬೂದು ಬಣ್ಣದ ಸಣ್ಣ ಹಕ್ಕಿಗೆ ಘೋಷಣೆ ಇಲ್ಲ, ಅದರ ಊಟದ ಬಟ್ಟಲಿಗೂ ಇಲ್ಲ.

(ಶಿಕ್ಷಕಿಯೊಬ್ಬರ ಪ್ರಶ್ನೆ: ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಯಾವ ಹೆಸರು ಹೇಳಿಕೊಡುವುದು ಸರ್?)

ಒಳ್ಳೆ ಪ್ರಶ್ನೆ. ಕಡಲಕಾಗೆ ಸುಲಭ, ಮಲಯಾಳದಲ್ಲೂ ಕಡಲ್‌ಕಾಕ್ಕ. ಬಾಲ ಕುಣಿಸುತ್ತಾ ಓಡುವ ಸ್ಯಾಂಡ್‌ಪೈಪರ್ ಜಾತಿಗೆ ಪುಸ್ತಕದಲ್ಲಿ ಗದ್ದೆಗೊರವ ಅಂತ ಉಂಟು, ಆದರೆ ಇಲ್ಲಿ ಅದು ಗದ್ದೆಯಲ್ಲಿ ಅಲ್ಲ, ಹೊಳೆಬದಿಯ ಕಲ್ಲಿನಲ್ಲಿ. ಮಕ್ಕಳನ್ನೇ ಕರ್ಕೊಂಡು ಹೋಗಿ, ಮನೆಯಲ್ಲಿ ಅಜ್ಜಿ ಏನು ಹೇಳ್ತಾರೆ ಕೇಳಿ ಬರೆಸಿ. ತುಳು, ಮಲಯಾಳ, ಕೊಂಕಣಿ ಯಾವುದಾದರೂ ಆದೀತು.

(ಇನ್ನೊಂದು ಪ್ರಶ್ನೆ: ಮೇ ತಿಂಗಳಲ್ಲೂ ಒಂದೆರಡು ಉಳೀತವಲ್ಲ, ಗಾಯ ಆದವಾ?)

ಎಲ್ಲವೂ ಅಲ್ಲ. ಕೆಲವು ಜಾತಿಗಳಲ್ಲಿ ಮೊದಲ ವರ್ಷದ ಮರಿಗಳು ಮರಿ ಮಾಡುವ ವಯಸ್ಸಾಗದ ಕಾರಣ ಮಳೆಗಾಲವಿಡೀ ಇಲ್ಲೇ ಇರ್ತವೆ. ಅವನ್ನೂ ತಾರೀಕು ಹಾಕಿ ಬರೆದಿಡಿ.