ಮಾನದ ದಾವೆಗೆ ಒಂದೇ ವರ್ಷ

ಹೊಲದ ಸ್ವಾಧೀನ ಕಳೆದುಕೊಂಡವರು ದಾವೆ ಹೂಡಲು 12 ವರ್ಷ ಅವಕಾಶವಿದೆ. ಕೈಗಡ ಕೊಟ್ಟವರಿಗೆ 3 ವರ್ಷ. ಮಾನ ಕಳೆದುಕೊಂಡವರಿಗೆ ಮಾತ್ರ ಒಂದೇ ವರ್ಷ. ಪ್ರಾಣಕ್ಕಿಂತ ಮಾನ ದೊಡ್ಡದೆನ್ನುವ ನಾಡಿಗೆ ಈ ಲೆಕ್ಕ ಬಂದದ್ದು ಎಲ್ಲಿಂದ?

ಬ್ರಿಟಿಷರ ಕಾಲದಿಂದ. 1859ರ ಕಾಲಮಿತಿ ಕಾಯ್ದೆಯೇ ಹೆಸರಿಗೆ ಆದ ಹಾನಿಗೆ ಒಂದು ವರ್ಷ ಗೊತ್ತು ಮಾಡಿತ್ತು. ಮುಂದೆ ಕಾಯ್ದೆ ಹಲವು ಸಲ ಬದಲಾದರೂ, 1964ರ ಜನವರಿ 1ರಂದು ಜಾರಿಗೆ ಬಂದ ಈಗಿನ ಕಾಯ್ದೆಯಲ್ಲೂ ಆ ಒಂದು ವರ್ಷ ಉಳಿದಿದೆ. ಬೀದರ್ ಸೀಮೆಗೆ ಅದು ಬಂದ ದಾರಿ ಬೇರೆ. ಬೀದರ್ ಆಗ ಸೇರಿದ್ದ ನಿಜಾಮರ ರಾಜ್ಯಕ್ಕೆ ತನ್ನದೇ ಕಾಲಮಿತಿ ಕಾನೂನಿತ್ತು. ಭಾರತದ ಕಾಯ್ದೆ ಹೈದರಾಬಾದ್ ರಾಜ್ಯಕ್ಕೆ ಅನ್ವಯವಾದದ್ದು 1951ರ ಏಪ್ರಿಲ್ 1ರಂದು. ಔರಾದ್ ಸೀಮೆಯ ಡಾಬಕಾದಂಥ ಊರುಗಳು ಮೈಸೂರು ರಾಜ್ಯ ಸೇರುವ ಐದು ವರ್ಷ ಮೊದಲೇ ಈ ಗಡುವಿನೊಳಗೆ ಬಂದಿದ್ದವು.

ಗಡುವಿಗೆ ಕಾರಣವೂ ಇದೆ. ಆಡಿದ ಮಾತಿಗೆ ಕಿವಿಯೇ ಸಾಕ್ಷಿ. ವರ್ಷ ಕಳೆದರೆ ಯಾರು ಏನೆಂದರೆಂಬುದು ಸಾಕ್ಷಿಯ ಬಾಯಲ್ಲೇ ಬದಲಾಗುತ್ತದೆ. ಬರೆದವರ ತಲೆಯ ಮೇಲೂ ದಾವೆಯ ಭಯ ಕೊನೆಯಿಲ್ಲದೆ ತೂಗಬಾರದು. ಇಂಗ್ಲೆಂಡಿನಲ್ಲಿ ಬ್ರನ್ಸ್‌ವಿಕ್‌ನ ಡ್ಯೂಕ್ ಒಬ್ಬ, 17 ವರ್ಷ ಹಳೆಯ ಪತ್ರಿಕೆಯ ಪ್ರತಿಯೊಂದನ್ನು ತನ್ನ ಆಳಿನಿಂದ ಕೊಂಡುತರಿಸಿ, ಆ ಮಾರಾಟವೇ ಹೊಸ ಪ್ರಕಟಣೆಯೆಂದು ವಾದಿಸಿ 1849ರಲ್ಲಿ ಗೆದ್ದಿದ್ದ. ಆ ಕಿಂಡಿಯನ್ನು ಇಂಗ್ಲೆಂಡ್ ಕಾನೂನು ತಂದು ಮುಚ್ಚಿದ್ದು 2013ರಲ್ಲಿ. ಅದೇ ವರ್ಷ ದೆಹಲಿ ಹೈಕೋರ್ಟ್ ಕೂಡ, ಅಂತರ್ಜಾಲದಲ್ಲಿ ಬರಹ ಉಳಿದಿದೆ ಎಂದ ಮಾತ್ರಕ್ಕೆ ದಿನಕ್ಕೊಂದು ಹೊಸ ಗಡುವು ಹುಟ್ಟುವುದಿಲ್ಲ, ಮೊದಲು ಪ್ರಕಟವಾದ ದಿನವೇ ಲೆಕ್ಕ ಎಂದಿತು.

ಹಳ್ಳಿಯಲ್ಲಿ ವರ್ಷ ಜಾರುವ ಬಗೆಯೇ ಬೇರೆ. ಮೊದಲು ಹಿರಿಯರ ಮುಂದೆ ಪಂಚಾಯಿತಿ, ಆಮೇಲೆ ವಕೀಲರ ನೋಟಿಸು, ಕ್ಷಮೆ ಕೇಳಬಹುದೆಂಬ ಕಾಯುವಿಕೆ. ಇದ್ಯಾವುದೂ ದಿನಗಳ ಎಣಿಕೆಯನ್ನು ನಿಲ್ಲಿಸುವುದಿಲ್ಲ. ಗಡುವು ದಾಟಿದ ದಾವೆಯನ್ನು, ಎದುರುಗಾರ ತಕರಾರು ಎತ್ತದಿದ್ದರೂ, ಕೋರ್ಟೇ ವಜಾ ಮಾಡಬೇಕು. ಕಾಯ್ದೆಯ 3ನೇ ಕಲಮು ಹೇಳುವುದು ಅದನ್ನೇ. ಸಿವಿಲ್ ದಾವೆಯ ಬಾಗಿಲು ಮುಚ್ಚಿದ ಮೇಲೂ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದು ಕೊಡಲು ದಾರಿ ಉಂಟು. ಮಾನಹಾನಿಯ ಕ್ರಿಮಿನಲ್ ಪ್ರಕರಣಕ್ಕೆ ಮೂರು ವರ್ಷ ಅವಧಿ. ಅಲ್ಲಿ ಶಿಕ್ಷೆಯಾಗಬಹುದು, ಆದರೆ ಅದು ಪರಿಹಾರದ ದಾವೆಯಲ್ಲ.

ಮೇಲ್ಮನವಿಗೆ ಬಂದರೆ ಅದೇ ಕಾಯ್ದೆ ಮೆತ್ತಗಾಗುತ್ತದೆ. ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆಯಬಹುದು. ಅದೂ ಮೀರಿದರೆ 5ನೇ ಕಲಮಿನಡಿ ವಿಳಂಬ ಮನ್ನಿಸಲು ಅರ್ಜಿ. ಮೇಲ್ಮನವಿಗೆ ಅನ್ವಯಿಸುವ ಈ ಕಲಮು ದಾವೆಗೆ ಅನ್ವಯಿಸದು. ಕಾಯಿಲೆ, ಬಡತನ, ದೂರ ಇವನ್ನೆಲ್ಲ ಕೋರ್ಟು ತೂಗಿ ನೋಡುತ್ತದೆ. ದೂರದ ಮಾತಿಗೆ ಬಂದರೆ, ಬೀದರ್‌ನವರಿಗೆ ಹೈಕೋರ್ಟೆಂದರೆ ಬೆಂಗಳೂರೇ ಆಗಿತ್ತು. 2008ರಲ್ಲಿ ಸಂಚಾರಿ ಪೀಠ ಬಂದ ಮೇಲೆ ಕಲಬುರಗಿಯೇ ಸಾಕಾಯಿತು; 2013ರಲ್ಲಿ ಆ ಪೀಠ ಕಾಯಂ ಆಯಿತು.

1987ರಲ್ಲಿ ಸುಪ್ರೀಂ ಕೋರ್ಟ್, ವಿಳಂಬದ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದಿತು. 2012ರಲ್ಲಿ 427 ದಿನ ತಡವಾಗಿ ಬಂದ ಅಂಚೆ ಇಲಾಖೆಗೆ ಮಾತ್ರ, ಕಡತ ಓಡಾಡಿತೆಂಬುದು ಕಾರಣವಾಗದು ಎಂದು ಬಾಗಿಲು ಹಾಕಿತು.

ಇಷ್ಟೆಲ್ಲ ಎಣಿಕೆ ಕೋರ್ಟಿಗೆ ಹೋಗುವವರಿಗೆ. ಒಳಗೆ ಹೋದ ಮೇಲೆ? 2011ರ ಟಿವಿ ಸಂದರ್ಶನವೊಂದರ ಮಾತಿಗಾಗಿ ಎಚ್.ಡಿ. ದೇವೇಗೌಡರ ವಿರುದ್ಧ ನೈಸ್ ಕಂಪನಿ ಹೂಡಿದ ದಾವೆಯಲ್ಲಿ, 2 ಕೋಟಿ ರೂಪಾಯಿ ಪರಿಹಾರದ ತೀರ್ಪು ಬೆಂಗಳೂರಿನ ಕೋರ್ಟಿನಿಂದ ಹೊರಬಿದ್ದದ್ದು 2021ರಲ್ಲಿ. ಮರುವರ್ಷ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮಾನ ಕಳೆದುಕೊಂಡವರು ಒಂದೇ ವರ್ಷದಲ್ಲಿ ಎಚ್ಚೆತ್ತುಕೊಳ್ಳಬೇಕೆಂದು ಕಾಯ್ದೆ ಹೇಳುವುದು ಸರಿಯೇ. ಅವರಿಗೆ ಉತ್ತರ ಕೊಡಲು ಕೋರ್ಟಿಗೂ ಒಂದು ಗಡುವು ಬೇಡವೇ ಎಂದು ಕೇಳುವುದೂ ಅಷ್ಟೇ ಸರಿ.