ನೋವಿನ ನುಡಿ

ನರಗುಂದದಲ್ಲಿರುವ ನನ್ನ ಅಕ್ಕನವರು ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವರು ಒಮ್ಮೆಲೆ ಕೈಬಿಟ್ಟು ಗೋಡೆಗೆ ಒರಗಿ ಕುಳಿತರು. ಎದೆಯಲ್ಲಿ ನೋವೇ ಎಂದು ಕೇಳಿದೆನು. "ನೋವಿಲ್ಲೋ ತಮ್ಮಾ, ಕಲ್ಲ ಇಟ್ಟಂಗ ಭಾರ ಆಗೈತಿ. ದವಡಿ ಜಗ್ಗತೈತಿ, ಎಡಗೈ ಸೋತೈತಿ" ಎಂದರು. ನೋವಿಲ್ಲವೆಂಬ ಒಂದೇ ಮಾತನ್ನು ನಾವು ಹಿಡಿದೆವು. ಉಳಿದ ಮೂರನ್ನು ಬಿಟ್ಟೆವು. ವಾಯುವೆಂದು ತಿಳಿದು ಅಜವಾನದ ನೀರು ಕೊಟ್ಟು ಮಲಗಿಸಿದೆವು. ಸಂಜೆಗೆ ದವಾಖಾನೆಗೆ ಒಯ್ದಾಗ ಅದು ಹೃದಯಾಘಾತವೆಂದು ತಿಳಿಯಿತು. ಅಕ್ಕನವರು ಉಳಿದರು, ಆದರೆ ಅವರ ಹೃದಯವು ಮೊದಲಿನ ಬಲವನ್ನು ಮರಳಿ ಪಡೆಯಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಶಬ್ದಾರ್ಥ ಹೇಳಿಕೊಟ್ಟ ನನಗೆ ಮನೆಯವರ ಮಾತಿನ ಅರ್ಥವೇ ಆಗಲಿಲ್ಲವೆಂಬ ವ್ಯಥೆಯಿಂದ ಈ ವಿಷಯವನ್ನು ಓದತೊಡಗಿದೆನು. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ನೋವು ದೇಹದ ಕಾವಲುಗಾರನು. ನರಗುಂದದ ಗುಡ್ಡವನ್ನು ಏರುವಾಗ ಕಾಲ್ಬೆರಳು ಕಲ್ಲಿಗೆ ಎಡವಿತೆಂದು ಭಾವಿಸಿರಿ. ಮೊದಲು ಸೂಜಿ ಚುಚ್ಚಿದಂಥ ಚಳುಕು. ಒಂದು ಕ್ಷಣ ಬಿಟ್ಟು ಮಿಡಿಯುತ್ತ ಹರಡುವ ನೋವು. ಒಂದೇ ಪೆಟ್ಟಿಗೆ ಎರಡು ನೋವು ಏಕೆ? ಈ ಸುದ್ದಿಯನ್ನು ಒಯ್ಯುವ ನರತಂತುಗಳು ಎರಡು ತೆರನಾಗಿವೆ. ತೆಳುವಾದ ಕವಚವುಳ್ಳವು ಸೆಕೆಂದಿಗೆ ಸುಮಾರು 5ರಿಂದ 30 ಮೀಟರು ವೇಗದಿಂದ ಓಡುತ್ತವೆ. ಕವಚವಿಲ್ಲದವುಗಳ ವೇಗವು 2 ಮೀಟರನ್ನು ಮೀರುವದು ಕಡಿಮೆ. ಹೀಗಾಗಿ ಎರಡನೆಯ ದೂತನು ತಡವಾಗಿ ಬರುತ್ತಾನೆ. ಅಷ್ಟರಲ್ಲಿ ಕಾಲು ತಾನಾಗಿಯೇ ಹಿಂದಕ್ಕೆ ಸರಿದಿರುತ್ತದೆ. ಅದು ಬೆನ್ನುಹುರಿಯ ಅಪ್ಪಣೆ. ಮಿದುಳಿನಲ್ಲಿ ನೋವಿನ ಅರಿವು ಮೂಡುವದು ಅದರ ನಂತರ.

ಇನ್ನು ನೋವನ್ನು ಅರಿಯುವ ನರಾಗ್ರಗಳ ಚಮತ್ಕಾರವನ್ನು ನೋಡಿರಿ. ಒಣಮೆಣಸಿನಕಾಯಿ ಕುಟ್ಟಿದ ಗೃಹಿಣಿಯು ಕೈ ಉರಿಯುತ್ತದೆ ಎನ್ನುತ್ತಾಳೆ. ಒಲೆಯ ಕೆಂಡ ತಾಗಿದರೂ ಅದೇ ಮಾತು. ಇದು ಬರಿಯ ಉಪಮೆಯಲ್ಲ. ಮೆಣಸಿನಕಾಯಿಯ ಖಾರಕ್ಕೂ, ಸೆಲ್ಸಿಯಸ್ ಮಾನದ ಸುಮಾರು 43 ಅಂಶ ಮೀರಿದ ಶಾಖಕ್ಕೂ ನರದ ತುದಿಯಲ್ಲಿ ಒಂದೇ ಬಾಗಿಲು ತೆರೆಯುವದೆಂದು ಅಮೇರಿಕೆಯ ಡೇವಿಡ್ ಜೂಲಿಯಸ್ ಅವರೂ ಅವರ ಸಂಗಡಿಗರೂ 1997ರಲ್ಲಿ ತೋರಿಸಿಕೊಟ್ಟರು. 2021ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರಿಗೆ ಪಾಲು ದೊರೆಯಿತು. ನಮ್ಮ ಅಡಿಗೆಮನೆಯ ಭಾಷೆಯು ಮೊದಲೇ ಸರಿಯಾಗಿ ನುಡಿದಿತ್ತು.

ಆದರೆ ಬಂದ ಸುದ್ದಿಯೆಲ್ಲವೂ ಮಿದುಳಿಗೆ ಮುಟ್ಟುವದಿಲ್ಲ. ಬೆನ್ನುಹುರಿಯಲ್ಲಿ ಒಂದು ದ್ವಾರವಿದ್ದಂತೆ ವ್ಯವಸ್ಥೆಯುಂಟೆಂದು ಮೆಲ್ಝ್ಯಾಕ್ ಮತ್ತು ವಾಲ್ ಎಂಬ ವಿದ್ವಾಂಸರು 1965ರಲ್ಲಿ ಪ್ರತಿಪಾದಿಸಿದರು. ಬಿದ್ದ ಮಗುವಿನ ಮೊಣಕಾಲನ್ನು ತಾಯಿಯು ಸವರಿದಾಗ ಸ್ಪರ್ಶದ ಸುದ್ದಿಯು ಮುಂದೆ ಬಂದು ನೋವಿಗೆ ಆ ದ್ವಾರವನ್ನು ಕಿರಿದುಗೊಳಿಸುತ್ತದೆ. ಮಿದುಳೂ ಮೇಲಿನಿಂದ ಅದನ್ನು ಬಿಗಿಗೊಳಿಸಬಲ್ಲದು. ಗಜೇಂದ್ರಗಡದ ನೇಕಾರನು ಪಟ್ಟೇದಂಚಿನ ಸೀರೆಯ ಮೇಲೆ ಚಿತ್ತವಿಟ್ಟು ಕೈಮಗ್ಗದಲ್ಲಿ ಕುಳಿತಿರುವ ತನಕ ಸೊಂಟದ ನೋವು ಸುಮ್ಮನಿದ್ದು, ರಾತ್ರಿ ಹಾಸಿಗೆಯಲ್ಲಿ ಬಾಯಿ ತೆರೆಯುವದು ಇದಕ್ಕಾಗಿಯೇ. ಅವನ ನೋವು ಹಗಲು ಸುಳ್ಳಾಗಿರಲಿಲ್ಲ. ರಾತ್ರಿ ಕಲ್ಪಿತವೂ ಅಲ್ಲ.

ನೋವುಗಳನ್ನು ವರ್ಗೀಕರಿಸುವ ಪ್ರಯತ್ನವು ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯು ವ್ರಣವೇದನೆಗಳನ್ನು ಎಣಿಸುವಾಗ ತೋದನ, ಭೇದನ, ಛೇದನ ಮುಂತಾದವುಗಳೊಡನೆ ಚುಮುಚುಮಾಯನವೆಂಬ ಹೆಸರನ್ನೂ ಹೇಳುತ್ತದೆ. ನಮ್ಮ 'ಜುಮು ಜುಮು' ಎಂಬ ಮಾತಿಗೆ ಇದು ಎಷ್ಟು ಸಮೀಪ! 1975ರಲ್ಲಿ ಅದೇ ಮೆಲ್ಝ್ಯಾಕ್ ಅವರು ರೋಗಿಗಳು ನೋವಿಗೆ ಬಳಸುವ 78 ಇಂಗ್ಲಿಷ್ ಶಬ್ದಗಳನ್ನು 20 ಗುಂಪುಗಳಾಗಿ ಮಾಡಿ ಪ್ರಶ್ನಾವಳಿಯನ್ನು ರಚಿಸಿದರು. ಈಗಿನ ವೈದ್ಯರು ಮುಖ್ಯವಾಗಿ ಮೂರು ವರ್ಗಗಳನ್ನು ಹೇಳುತ್ತಾರೆ. ಪೆಟ್ಟು, ಬಾವು, ಗಾಯಗಳಿಂದ ಬರುವದು ಮೊದಲನೆಯದು. ನರವೇ ಕೆಟ್ಟು ಉರಿಯುವದು, ಮಿಂಚು ಹೊಡೆದಂತಾಗುವದು, ಜುಮುಗುಟ್ಟುವದು ಎರಡನೆಯದು. ಗಾಯವಾಗಲಿ ನರದ ಕೇಡಾಗಲಿ ಕಾಣದಿದ್ದರೂ ನೋವಿನ ವ್ಯವಸ್ಥೆಯೇ ಅತಿ ಸೂಕ್ಷ್ಮವಾಗಿ ನೋಯುವದು ಮೂರನೆಯದು. ಮೂರಕ್ಕೂ ಔಷಧವು ಒಂದೇ ಅಲ್ಲ. ಆದುದರಿಂದ ರೋಗಿಯು ಆಡುವ ಶಬ್ದವು ವೈದ್ಯನಿಗೆ ಮೊದಲ ದಾರಿದೀಪ.

ನೋವಿಲ್ಲದಿರುವದೂ ಒಮ್ಮೊಮ್ಮೆ ರೋಗವೇ. ಮಧುಮೇಹವು ಬಹುಕಾಲ ಹಿಡಿತಕ್ಕೆ ಸಿಗದೆ ಇದ್ದರೆ ಪಾದದ ನರಗಳು ಸಾಯತೊಡಗುತ್ತವೆ. ರೋಣದ ಎರೆಹೊಲದಲ್ಲಿ ಬರಿಗಾಲಿನಿಂದ ನಡೆಯುವ ಒಕ್ಕಲಿಗನಿಗೆ ಜಾಲಿಮುಳ್ಳು ನಟ್ಟಿದ್ದು ತಿಳಿಯದೆ, ಹುಣ್ಣು ಎಲುಬಿನ ವರೆಗೆ ಇಳಿಯಬಹುದು. ಮಧುಮೇಹವುಳ್ಳವರು ಕಾಲಿಗೆ ಮೆಟ್ಟಿಲ್ಲದೆ ನಡೆಯಬಾರದು; ಪ್ರತಿ ಸಂಜೆ ಅಂಗಾಲನ್ನು ಕಣ್ಣಿನಿಂದ ನೋಡಿಕೊಳ್ಳಬೇಕು.

ಈಗ ಅಕ್ಕನವರ ದವಡೆಯ ಮಾತಿಗೆ ಬರೋಣ. ಹೃದಯದಿಂದ ಬರುವ ನೋವಿನ ತಂತುಗಳೂ ಎಡಗೈಯಿಂದ ಬರುವ ತಂತುಗಳೂ ಬೆನ್ನುಹುರಿಯಲ್ಲಿ ಒಂದೇ ಎಡೆಯಲ್ಲಿ ಕೂಡುತ್ತವೆ. ಮಿದುಳಿಗೆ ಕೈಯ ಸುದ್ದಿ ನಿತ್ಯದ್ದು, ಹೃದಯದ್ದು ಅಪರೂಪದ್ದು. ಆದುದರಿಂದ ಹೃದಯದ ಕೂಗನ್ನು ಅದು ಕೈಯದೆಂದು ಎಣಿಸುತ್ತದೆ. ದವಡೆಯ, ಕುತ್ತಿಗೆಯ, ಬೆನ್ನಿನ ನೋವಾಗಿಯೂ ಅದು ಕಾಣಿಸಿಕೊಳ್ಳಬಹುದು. ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ಎದೆಯ ನೋವು ತೀವ್ರವಾಗಿಲ್ಲದೆಯೇ ಆಘಾತವಾಗುವದುಂಟು. ಎದೆಯ ಭಾರ, ತಣ್ಣನೆಯ ಬೆವರು, ಏದುಸಿರು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿರಿ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳೂ ವೃದ್ಧರೂ ನೋವನ್ನು ನುಂಗುವದನ್ನೇ ಸದ್ಗುಣವೆಂದು ಕಲಿತಿದ್ದಾರೆ. ಸಹನೆಯು ದೊಡ್ಡದೇ, ಆದರೆ ಕಾವಲುಗಾರನ ಬಾಯಿ ಕಟ್ಟುವದು ಸಹನೆಯಲ್ಲ. ಎಲ್ಲಿ, ಎಂಥದು, ಎಂದಿನಿಂದ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ, ಇಷ್ಟನ್ನು ಮನೆಯವರು ಕೇಳಬೇಕು. ನೊಂದವರು ತಮ್ಮ ನುಡಿಯಲ್ಲಿಯೇ ಹೇಳಬೇಕು. ಈಗ ಅಕ್ಕನವರು ಭಾರವೆಂದರೆ ನಾನು ಭಾರವೆಂದೇ ಕೇಳುತ್ತೇನೆ.