ಕೌದಿಗೆ ಬಂದ ಜೀನ್ಸ್

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮನೆಗಳಲ್ಲಿ ಹಾಸಲೂ ಹೊದೆಯಲೂ ಒದಗುವ ಕೌದಿಯೆಂದರೆ ಸವೆದ ಸೀರೆ, ಧೋತರ, ಕುಬಸಗಳ ತುಂಡುಗಳನ್ನು ಪದರಪದರವಾಗಿ ಇಟ್ಟು ಕೈಹೊಲಿಗೆಯಿಂದ ಒಂದಾಗಿಸಿದ ದಪ್ಪನೆಯ ಹಾಸು. ಎರೆಹೊಲದ ತುಂಬ ಹತ್ತಿ ಬೆಳೆಯುವ ಸೀಮೆ ಇದಾದರೂ ಕೌದಿಯ ಒಳಗೆ ಹತ್ತಿ ತುಂಬುವ ರೂಢಿಯಿಲ್ಲ; ಬೆಳೆದದ್ದು ಮಾರುಕಟ್ಟೆಗೆ ಹೋಗುತ್ತದೆ, ಉಟ್ಟು ಸವೆದದ್ದು ಹಾಸಿಗೆಗೆ ಬರುತ್ತದೆ.

ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆಯೇ ಕೌದಿಯ ಕಾಲ. ಮನೆಯ ಹಿರಿಯ ಹೆಂಗಸರು ತಾವೇ ಹೊಲಿಯುವುದುಂಟು; ಗೊಂದಲಿಗ, ಬುಡ್ಗ ಜಂಗಮ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಓಣಿ ಓಣಿ ತಿರುಗಿ, ಮನೆಯವರು ಕೊಟ್ಟ ಹಳೆ ಬಟ್ಟೆಗಳನ್ನೇ ಹೊಲಿದುಕೊಟ್ಟು ಹಣವನ್ನೋ ಜೋಳವನ್ನೋ ಕೂಲಿಯಾಗಿ ಪಡೆಯುವುದೂ ಉಂಟು. ಅಂಚಿನಿಂದ ಹೊರಟ ಹೊಲಿಗೆಯ ಸಾಲು ಸುತ್ತು ಸುತ್ತಿ ನಡುವಿನತ್ತ ಸಾಗುತ್ತದೆ. ಕೌದಿ ಹಸಿದಿರಬಾರದೆಂಬ ನಂಬಿಕೆಯಿಂದ ಕೊನೆಯ ಸಂದಿಯನ್ನು ಮುಚ್ಚುವ ಮೊದಲು ಒಂದಿಷ್ಟು ತಿನಿಸನ್ನೋ ಕಾಳನ್ನೋ ಒಳಗಿಡುವ ಪದ್ಧತಿ ಕೆಲವೆಡೆ ಇದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರೂ ತಮ್ಮ ಕೌದಿಗೆ ಅಕ್ಕಿಕಾಳು ಇಟ್ಟು ಮುಚ್ಚುತ್ತಾರೆ; ನಾಲ್ಕು ಮೂಲೆಗೂ ಹೂವಿನಂಥ ಮಡಿಕೆಯ ತುಂಡು ಕೂರಿಸದಿದ್ದರೆ ಅದು ಬೆತ್ತಲೆಯೆಂದೇ ಅವರ ಭಾವನೆ.

ಈ ಕುಶಲತೆಯ ಮುಂದೆ ಈಗ ಇರುವ ಪ್ರಶ್ನೆ ಬಟ್ಟೆಯದು. ಹತ್ತಿಯ ಧೋತರ ಕಡಿಮೆಯಾಗಿ, ಸೀರೆಗಳಲ್ಲಿ ಪಾಲಿಯೆಸ್ಟರ್ ಹೆಚ್ಚಾಗಿ, ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ಬರುವವರ ಗಂಟಿನಲ್ಲಿ ಜೀನ್ಸ್ ಪ್ಯಾಂಟೇ ಮುಖ್ಯ ಉಡುಪಾದ ಮೇಲೆ, ಮನೆಯಲ್ಲಿ ಉಳಿಯುವ ಗಟ್ಟಿ ಹತ್ತಿ ಬಟ್ಟೆಯೆಂದರೆ ಅದೇ. ಜೀನ್ಸ್ ಹುಟ್ಟಿದ್ದೂ ದುಡಿಯುವವರಿಗಾಗಿ: ಜೇಬಿನ ಮೂಲೆಗಳಿಗೆ ತಾಮ್ರದ ಮೊಳೆ ಬಡಿದು ಹರಿಯದಂತೆ ಮಾಡುವ ವಿಧಾನಕ್ಕೆ ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1873ರಲ್ಲಿ. ಅದೇ ದೇಶದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಮಿಸೌರಿ ಪೆಟ್‌ವೇ ಎಂಬ ಕಪ್ಪು ಮಹಿಳೆ 1942ರಲ್ಲಿ, ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಹೊದಿಕೆ ಹೊಲಿದುಕೊಂಡರು. ತಾತನ ಧೋತರವನ್ನು ಮೊಮ್ಮಗನ ಕೌದಿಗೆ ಸೇರಿಸುವ ಸೀಮೆಗೆ ಅವರ ಮನಸ್ಸು ಹೊಸದಲ್ಲ.

ಆದರೆ ಜೀನ್ಸ್ ಸೀರೆಯಷ್ಟು ಸುಲಭವಾಗಿ ಸೂಜಿಗೆ ಮಣಿಯುವುದಿಲ್ಲ. ನೀಲಿ ಹಾಸುನೂಲಿಗೆ ಬಿಳಿ ಹೊಕ್ಕುನೂಲು ಓರೆಯಾಗಿ ಹೆಣೆದ ಈ ಬಟ್ಟೆಯಲ್ಲಿ ನೀಲಿ ಬಣ್ಣ ನೂಲಿನ ಮೈಮೇಲಷ್ಟೇ ಕೂತಿರುತ್ತದೆ, ಒಳಗಿಳಿದಿರುವುದಿಲ್ಲ. ಉಜ್ಜಿದಲ್ಲೆಲ್ಲ ಬಿಳಿಚುವುದಕ್ಕೆ ಇದೇ ಕಾರಣ. ಹಳೆ ಪ್ಯಾಂಟಿನಲ್ಲಿ ಮಂಡಿ ಹರಿದಿರುತ್ತದೆ, ತೊಡೆಯ ಸಂದು ಸವೆದಿರುತ್ತದೆ, ಆದರೆ ಮೀನಖಂಡದ ಹಿಂಭಾಗ ಹೊಸದರಂತೆಯೇ ಉಳಿದಿರುತ್ತದೆ. ಕೌದಿಗೆ ಒದಗುವುದು ಮುಖ್ಯವಾಗಿ ಆ ಭಾಗ. ಕಾಲಿನ ಒಳಬದಿಯಲ್ಲಿ ಬಟ್ಟೆ ಮಡಿಚಿ ಮಡಿಚಿ ಹಾಕಿದ ಗಡಸು ಹೊಲಿಗೆಯ ಪಟ್ಟಿಯನ್ನು ಕತ್ತರಿಸಿ ತೆಗೆಯದಿದ್ದರೆ ಸೂಜಿ ಮುರಿಯುತ್ತದೆ, ಮಲಗಿದವರ ಬೆನ್ನಿಗೂ ಒತ್ತುತ್ತದೆ. ಎಳೆದರೆ ಹಿಗ್ಗುವ ಜೀನ್ಸನ್ನು ಹಿಗ್ಗದ ಜೀನ್ಸಿನ ಪಕ್ಕ ಹೊಲಿದರೆ ಕೌದಿ ಸುಕ್ಕುಗಟ್ಟುವುದರಿಂದ ಅವೆರಡನ್ನೂ ಬೇರೆಬೇರೆ ಇಡಬೇಕು; ಬಣ್ಣ ಬಿಡುವುದು ನಿಲ್ಲುವವರೆಗೆ ಒಗೆದ ಮೇಲೆಯೇ ತಿಳಿಬಣ್ಣದ ಬಟ್ಟೆಯ ಜೊತೆ ಸೇರಿಸಬೇಕು.

ತೂಕವೇ ದೊಡ್ಡ ತೊಡಕು. ಚದರ ಗಜಕ್ಕೆ 14 ಔನ್ಸ್ ತೂಗುವ ಜೀನ್ಸ್ ಬಟ್ಟೆಯ ಒಂದೇ ಪದರ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕೌದಿಗೆ ಸುಮಾರು 1.4 ಕಿಲೋ ಆಗುತ್ತದೆ. ಹೀಗಾಗಿ ಜೀನ್ಸನ್ನು ಮೇಲ್ಪದರಕ್ಕಷ್ಟೇ ಇಟ್ಟು, ಕೆಳಗೆ ಮೆತ್ತನೆಯ ಹಳೆ ಸೀರೆ ಹಾಸುವುದು ಸರಿಯಾದ ದಾರಿ. ತುಂಡುಗಳನ್ನು ಜೋಡಿಸುವುದು ಮಷೀನಿನಲ್ಲಿ 16 ಅಥವಾ 18ನೇ ನಂಬರಿನ ಸೂಜಿಯಿಂದ ಆಗಬೇಕು; ಪದರಗಳನ್ನು ಹಿಡಿದಿಡಲು ಕೌದಿಯ ಒತ್ತೊತ್ತಾದ ಸಾಲುಹೊಲಿಗೆಯ ಬದಲು ಗೇಣಿಗೊಂದರಂತೆ ದಪ್ಪ ದಾರದ ಗಂಟು ಹಾಕಿದರೂ ಸಾಕು. ಹಿಂದಿನ ಜೇಬನ್ನು ಬಿಚ್ಚದೆ ಚೌಕದ ನಡುವೆ ಉಳಿಸಿಕೊಂಡರೆ ಅದು ಚಂದವೂ ಹೌದು, ಉಪಯೋಗವೂ ಹೌದು.

ಗಂಟು ಹಾಕಿದ ಕೌದಿ ಗಟ್ಟಿಯೇನೋ ಸರಿ, ಆದರೆ ಸಾಲುಹೊಲಿಗೆಯಿಂದ ಬಟ್ಟೆಯ ಮೇಲೆ ಏಳುವ ಅಲೆಯಲೆಯಾದ ಮೈ ಅದಕ್ಕಿರುವುದಿಲ್ಲ, ಮತ್ತು ಕೌದಿಯ ಚೆಲುವೆಲ್ಲ ಆ ಮೈಯಲ್ಲೇ ಇರುವುದು. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಗೆ ಪುಸ್ತಕಗಳಲ್ಲಿ ಜಾಗ ಸಿಕ್ಕಿದೆ. ಅದೇ ಊರಿನ ಓಣಿಗಳಲ್ಲಿ ಕೂತು ಹೊಲಿದ ಕೌದಿಗಳು ಹರಿದುಹೋಗಿವೆ, ಹೊಲಿದವರ ಹೆಸರುಗಳೂ ಅವುಗಳೊಂದಿಗೇ ಹೋಗಿವೆ. ತೆಳು ಬ್ಲಾಂಕೆಟ್ಟುಗಳು ಸಂತೆಯಲ್ಲಿ ಅಗ್ಗವಾಗಿ ಸಿಗುವಾಗ ವಾರಗಟ್ಟಲೆ ಬೆನ್ನು ಬಾಗಿಸಿ ಹೊಲಿಯುವವರಿಗೆ ತಕ್ಕ ಕೂಲಿ ಕೊಡುವವರು ಕಡಿಮೆ.

ಹಳೆ ಜೀನ್ಸನ್ನು ಬಟ್ಟೆಗೆ ಬದಲು ಪಾತ್ರೆ ಕೊಡುವವರಿಗೆ ಹಾಕುವ ಮೊದಲು ಓಣಿಯಲ್ಲಿ ಕೌದಿ ಹೊಲಿಯುವವರು ಯಾರಿದ್ದಾರೆಂದು ವಿಚಾರಿಸಿ, ಒಂದೆರಡು ಹಳೆಯ ಸೀರೆಯನ್ನೂ ಸೇರಿಸಿ ಕೊಡಬೇಕು; ಚೌಕಾಸಿ ಮಾಡದೆ, ಹೊಲಿದ ದಿನಗಳನ್ನು ಲೆಕ್ಕ ಹಾಕಿ ದಿನಗೂಲಿಯನ್ನೇ ಕೊಡಬೇಕು.